ಹಳೇ ಸಿನಿಮಾ ಚಾನೆಲ್ ಟಿಸಿಎಂ: ಮತ್ತೆ ಮಾಲೀಕರು ಬದಲು, ಈ ಸಲ ಉಳಿಯುತ್ತಾ?

ಶಿವಮೊಗ್ಗ_ಟು_ಅಟ್ಲಾಂಟಾ

2025ರ ಡಿಸೆಂಬರ್ 5ಕ್ಕೆ ನೆಟ್‌ಫ್ಲಿಕ್ಸ್‌ನವರು ಹಾಲಿವುಡ್ ಸ್ಟುಡಿಯೋ ವಾರ್ನರ್ ಬ್ರದರ್ಸ್ ನಮ್ಮದಾಗುತ್ತೆ ಎಂದು ಸಾರಿದರು. ಸಾಲ ಎಲ್ಲ ಸೇರಿ 8,270 ಕೋಟಿ ಡಾಲರ್ ವ್ಯವಹಾರ. ಮೂರೇ ದಿನಕ್ಕೆ ಇನ್ನೊಂದು ಸ್ಟುಡಿಯೋ ಪ್ಯಾರಾಮೌಂಟ್ ಅಡ್ಡ ಬಂತು. ಷೇರಿಗೆ 30 ಡಾಲರ್ ನಗದು ಕೊಡುತ್ತೇವೆ, ಕೇಬಲ್ ಚಾನೆಲ್ಲುಗಳ ಸಮೇತ ಇಡೀ ಕಂಪನಿ ನಮಗೇ ಕೊಡಿ ಎಂದು ನೇರವಾಗಿ ಷೇರುದಾರರನ್ನೇ ಕೇಳಿತು. ಎಲ್ಲಿ ನೋಡಿದರೂ ಬ್ಯಾಟ್‌ಮ್ಯಾನ್, ಹ್ಯಾರಿ ಪಾಟರ್, ಎಚ್‌ಬಿಓ ಮಾತು. ನನಗೆ ಮಾತ್ರ ಒಂದೇ ಚಿಂತೆ. ವಾರ್ನರ್ ಕಂಪನಿಯದೇ ಆದ ಟಿಸಿಎಂ ಚಾನೆಲ್ ಗತಿ ಏನು?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟರ್ನರ್ ಕ್ಲಾಸಿಕ್ ಮೂವೀಸ್ ಶುರುವಾದದ್ದು 1994ರ ಏಪ್ರಿಲ್ 14ಕ್ಕೆ. ಹಗಲೂ ರಾತ್ರಿ ಹಳೇ ಸಿನಿಮಾ. ನಡುವೆ ಜಾಹೀರಾತಿಲ್ಲ, ಕತ್ತರಿ ಇಲ್ಲ. ಮುಖ್ಯ ಸಿನಿಮಾಗಳಿಗೆ ಮುಂಚೆ ಒಬ್ಬರು ಕುರ್ಚಿ ಹಾಕಿಕೊಂಡು ಎರಡು ಮೂರು ನಿಮಿಷ ಮಾತಾಡುತ್ತಾರೆ. ಇದನ್ನು ಯಾಕೆ ನೋಡಬೇಕು, ಸೆಟ್ಟಿನಲ್ಲಿ ಏನು ಜಗಳ ಆಯಿತು, ಹೀಗೆ. 2017ರಲ್ಲಿ ತೀರಿಕೊಳ್ಳುವವರೆಗೂ ಆ ಚಾನೆಲ್ಲಿನ ಮುಖ ರಾಬರ್ಟ್ ಆಸ್ಬರ್ನ್.

2009ರಲ್ಲಿ ಅಪ್ಪ ನಮ್ಮ ಮನೆಗೆ ಬಂದಿದ್ದರು. ಅಂಚೆ ಇಲಾಖೆಯಲ್ಲಿ ಇದ್ದವರು. ಇಂಗ್ಲಿಷ್ ಓದುತ್ತಾರೆ, ಇಲ್ಲಿಯವರ ಉಚ್ಚಾರಣೆ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಜೆಟ್‌ಲ್ಯಾಗಿಗೆ ನಡುರಾತ್ರಿ ಎದ್ದು ಟಿವಿ ಮುಂದೆ ಕೂರುತ್ತಿದ್ದರು. ಭಾನುವಾರ ರಾತ್ರಿ 12ಕ್ಕೆ ಟಿಸಿಎಂನಲ್ಲಿ ಮೂಕಿ ಸಿನಿಮಾ ಬರುತ್ತೆ. ಒಂದು ದಿನ ನಗು ಕೇಳಿ ಎದ್ದು ಬಂದರೆ, ಅಪ್ಪ ಒಬ್ಬರೇ ಕೂತು, ತಾನು ಮಾತ್ರ ನಗದೇ ನಗಿಸುವ ಮೂಕಿ ಕಾಲದ ನಟ ಬಸ್ಟರ್ ಕೀಟನ್‌ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಆರು ತಿಂಗಳಲ್ಲಿ ಅವರಿಗೆ ಅಮೆರಿಕದಲ್ಲಿ ಸಿಕ್ಕ ಒಬ್ಬನೇ ಗೆಳೆಯ ಅವನು.

ಮನೆ ಮಾರುವಾಗ ಹಿತ್ತಲಿನ ಒರಳುಕಲ್ಲು ಮನೆಯ ಜೊತೆಗೇ ಹೋಗುತ್ತಲ್ಲ, ಅದಕ್ಕೆ ಬೇರೆ ಬೆಲೆ ಕಟ್ಟುವುದಿಲ್ಲ. ಟಿಸಿಎಂ ಕಥೆಯೂ ಅದೇ. 1996ರಲ್ಲಿ ಟೈಮ್ ವಾರ್ನರ್, 2001ರಲ್ಲಿ ಇಂಟರ್ನೆಟ್ ಕಂಪನಿ ಎಓಎಲ್ ಜೊತೆ ಮದುವೆ, 2018ರಲ್ಲಿ ಫೋನ್ ಕಂಪನಿ ಎಟಿ ಅಂಡ್ ಟಿ, 2022ರಲ್ಲಿ ಡಿಸ್ಕವರಿ. ಪ್ರತಿ ಸಲವೂ ಸುಮ್ನೆ ಜೊತೆಗೆ ಹೋಯಿತು. ಈ ಸಲ ಹೊಸಬರು ಒರಳು ನೋಡಿ ಇದೇನು ಜಾಗ ತಿನ್ನುತ್ತೆ ಅಂದರೆ?

ಮೆಜೆಸ್ಟಿಕ್_ಮಗ

ಬೇಜಾರು ಮಾಡ್ಕೋಬೇಡಿ ಸರ್. ಬೆಂಗಳೂರಲ್ಲಿ ಕೂತ ನನಗೆ ಇದು ಯಾಕೆ ಮುಖ್ಯ ಅಂತ ಅರ್ಥ ಆಗಲಿಲ್ಲ. ಆ ಚಾನೆಲ್ ಈಗ ನಮ್ಮಲ್ಲಿ ಬರುವುದೂ ಇಲ್ಲ. ಹಳೇ ಸಿನಿಮಾ ಬೇಕು ಅಂದರೆ ಯೂಟ್ಯೂಬ್ ಇದೆ, ಓಟಿಟಿ ಇದೆ. ಬೇಕಾದಾಗ ಬೇಕಾದ್ದು ನೋಡಬಹುದು. ಯಾರೋ ಹಾಕಿದ್ದನ್ನು ಯಾರೋ ಹೇಳಿದ ಟೈಮಿಗೆ ಯಾಕೆ ನೋಡಬೇಕು?

ಹುಬ್ಬಳ್ಳಿ_ಗಿರ್ಮಿಟ್

ನಮ್ಮಲ್ಲಿ ಬರಲ್ಲ ಅಂದ್ರಾ? ನಿಮ್ಮ ವಯಸ್ಸು ಎಷ್ಟು ಸ್ವಾಮಿ? 90ರ ದಶಕದಲ್ಲಿ ಹುಟ್ಟಿದವರ ಮೊದಲ ದುಃಖವೇ ಈ ಚಾನೆಲ್!

ಕಾರ್ಟೂನ್ ನೆಟ್‌ವರ್ಕ್ 1995ರಲ್ಲಿ ನಮ್ಮ ದೇಶಕ್ಕೆ ಬಂದಾಗ ಇಡೀ ದಿನ ಇರುತ್ತಿರಲಿಲ್ಲ. ಟೈಮ್ ಆಯಿತು ಅಂದರೆ ಕಾರ್ಟೂನ್ ಬಂದ್. ಅದೇ ಚಾನೆಲ್ ನಂಬರಿನಲ್ಲಿ ಹಳೇ ಸಿನಿಮಾ ಹಾಕುವ ಟಿಎನ್‌ಟಿ ಶುರು. ಆಮೇಲೆ ಅದೇ ಟಿಸಿಎಂ ಆಯಿತು. ಟಾಮ್ ಬೆನ್ನು ಹತ್ತಿದ ಜೆರ್ರಿ ಮಾಯ. ಕೋಟು ಟೋಪಿ ಹಾಕಿದ ಗಂಡಸರು ಸಿಗರೇಟು ಸೇದುತ್ತಾ ಏನೋ ಗೊಣಗುತ್ತಿದ್ದರು. ನಾನು ಅಳೋದು, ಅವ್ವ ಬಂದು ಟಿವಿ ಆಫ್ ಮಾಡೋದು, ದಿನಾ ಇದೇ. ಸಿನಿಮಾ ಶುರುವಿನಲ್ಲಿ ಗರ್ಜಿಸುವ ಆ ಸಿಂಹದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಶಿವಮೊಗ್ಗ_ಟು_ಅಟ್ಲಾಂಟಾ

ನಿಮ್ಮ ಸಿಟ್ಟು ನ್ಯಾಯವೇ. ಆದರೆ ತಮಾಷೆ ಕೇಳಿ. ಜೆರ್ರಿಯೂ ಆ ಸಿಂಹವೂ ಒಂದೇ ಮನೆಯವರು. ಟಾಮ್ ಅಂಡ್ ಜೆರ್ರಿ ಎಂಜಿಎಂ ಸ್ಟುಡಿಯೋದ ಕಾರ್ಟೂನು.

1986ರಲ್ಲಿ ಟೆಡ್ ಟರ್ನರ್ ಎಂಜಿಎಂ ಅನ್ನು ಸುಮಾರು 150 ಕೋಟಿ ಡಾಲರಿಗೆ ಕೊಂಡ. ಸಿಎನ್‌ಎನ್ ಶುರು ಮಾಡಿದ ಟರ್ನರೇ. ಸಾಲ ಕುತ್ತಿಗೆಗೆ ಬಂತು. ಕೆಲವೇ ತಿಂಗಳಲ್ಲಿ ಸ್ಟುಡಿಯೋ, ಜಾಗ, ಹೆಸರು, ಸಿಂಹದ ಗುರುತು ಎಲ್ಲ ಮಾರಿಬಿಟ್ಟ. ಇಟ್ಟುಕೊಂಡದ್ದು ಸಿನಿಮಾ ಗಂಟೊಂದನ್ನೇ. ಅಲ್ಲಿಯವರೆಗಿನ ಎಂಜಿಎಂ ಸಿನಿಮಾಗಳು, 1950ಕ್ಕೆ ಮುಂಚಿನ ವಾರ್ನರ್ ಸಿನಿಮಾಗಳು, ಜೊತೆಗೆ ಆರ್‌ಕೆಓ ಕಂಪನಿಯ ಹಳೇ ಸಿನಿಮಾಗಳ ಹಕ್ಕು. ಹಳೇ ಪಾತ್ರೆಗೆ ಇಷ್ಟು ದುಡ್ಡಾ ಅಂತ ಆಗ ಸುಮಾರು ಜನ ನಕ್ಕರು. ಅದೇ ಗಂಟು ಬಿಚ್ಚಿ 1988ರಲ್ಲಿ ಟಿಎನ್‌ಟಿ, 1992ರಲ್ಲಿ ಕಾರ್ಟೂನ್ ನೆಟ್‌ವರ್ಕ್, 1994ರಲ್ಲಿ ಟಿಸಿಎಂ ಮಾಡಿದ. ನಿಮ್ಮನ್ನು ನಗಿಸಿದ್ದೂ ಅಳಿಸಿದ್ದೂ ಒಬ್ಬನೇ.

ಕಪ್ಪುಬಿಳುಪು

ಟರ್ನರನ್ನು ದೇವರು ಮಾಡಬೇಡಿ ದಯವಿಟ್ಟು. ಈ ಗಂಟು ಕೈಗೆ ಬಂದ ಮೇಲೆ ಮೊದಲು ಮಾಡಿದ್ದೇನು? ಕಪ್ಪುಬಿಳುಪು ಸಿನಿಮಾಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ಬಳಿಸಿದ್ದು. 'ಕಾಸಾಬ್ಲಾಂಕಾ'ಕ್ಕೂ ಬಣ್ಣ ಹಚ್ಚಿ 1988ರಲ್ಲಿ ಟಿವಿಯಲ್ಲಿ ಹಾಕಿಸಿದ. 'ಸಿಟಿಜನ್ ಕೇನ್'ಗೂ ಕೈ ಹಾಕಲು ಹೊರಟಿದ್ದ. 1989ರಲ್ಲಿ ನೋಡಿದರೆ, ಅದರ ನಿರ್ದೇಶಕ ಆರ್ಸನ್ ವೆಲ್ಸ್ ಮಾಡಿಕೊಂಡಿದ್ದ ಹಳೇ ಕರಾರು ಅಡ್ಡ ಬಂತು. ಸಿನಿಮಾ ಬಚಾವಾಯಿತು. ನಿರ್ದೇಶಕ ಜಾನ್ ಹ್ಯೂಸ್ಟನ್ ಮನೆಯವರು ಅವರ ಸಿನಿಮಾಕ್ಕೆ ಬಣ್ಣ ಬೇಡ ಅಂತ ಫ್ರಾನ್ಸಿನ ಕೋರ್ಟಿನವರೆಗೂ ಹೋಗಿ 1991ರಲ್ಲಿ ಗೆದ್ದರು. ಈ ಗಲಾಟೆಯ ಬಿಸಿ ತಟ್ಟಿಯೇ 1988ರಲ್ಲಿ ಅಮೆರಿಕದಲ್ಲಿ ಸಿನಿಮಾ ಉಳಿಸುವ ಕಾಯ್ದೆ ಬಂದದ್ದು, ವರ್ಷಕ್ಕೆ 25 ಸಿನಿಮಾ ಆರಿಸಿ ಪಟ್ಟಿ ಮಾಡುವ ಪದ್ಧತಿ ಶುರುವಾದದ್ದು.

ಆರು ವರ್ಷ ಕಳೆದ ಮೇಲೆ ಅವನೇ ಇದ್ದ ಹಾಗೇ, ಕತ್ತರಿ ಹಾಕದೆ ತೋರಿಸುವ ಚಾನೆಲ್ ಮಾಡಿದ. ಪಾಪಪ್ರಜ್ಞೆಯೋ ವ್ಯಾಪಾರವೋ ಅವನಿಗೇ ಗೊತ್ತು. ನನ್ನ ಪ್ರಕಾರ ಒಳ್ಳೇ ಮಾಲೀಕ ಎಂಬುದು ಮಳೆ ಇದ್ದ ಹಾಗೆ. ಬಂದರೆ ಬಂತು.

ಶಾಂತಲಾ_ಬಸವನಗುಡಿ

ಬಣ್ಣದ ಮಾತು ಬಂತು, ನಮ್ಮ ಕಡೆಯದ್ದನ್ನೂ ಹೇಳಿಬಿಡುತ್ತೇನೆ. 'ಸತ್ಯಹರಿಶ್ಚಂದ್ರ'ಕ್ಕೆ 2008ರಲ್ಲಿ, 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ಹಾಕಿ ಥಿಯೇಟರಿಗೆ ತಂದರಲ್ಲ. ಅಮ್ಮನನ್ನು ಕರೆದುಕೊಂಡು ಎರಡನೆಯದಕ್ಕೆ ಹೋಗಿದ್ದೆ. ಅಮ್ಮ ಪೂರ್ತಿ ನೋಡಿ, ಅತ್ತು, ಹೊರಗೆ ಬಂದು ಹೇಳಿದ್ದು ಒಂದೇ ಮಾತು: "ಆ ಕೋಟು ಆ ಬಣ್ಣದ್ದಲ್ಲ ಕಣೇ." ಯಾವ ಬಣ್ಣ ಅಂತ ಅವಳಿಗೆ ಹೇಗೆ ಗೊತ್ತು? 1971ರಲ್ಲಿ ಅವಳೂ ನೋಡಿದ್ದು ಕಪ್ಪುಬಿಳುಪೇ! 40 ವರ್ಷ ತಲೆಯಲ್ಲೇ ಒಂದು ಬಣ್ಣ ಹಚ್ಚಿ ಇಟ್ಟುಕೊಂಡಿದ್ದಳು.

ಆದರೂ ಹೇಳುತ್ತೇನೆ, ಅವತ್ತು ಹಾಲಿನಲ್ಲಿ ಕಾಲೇಜು ಹುಡುಗರೂ ಇದ್ದರು. ಬಣ್ಣ ಇಲ್ಲದಿದ್ದರೆ ಬರುತ್ತಿದ್ದರಾ, ಅನುಮಾನ.

ಕಪ್ಪುಬಿಳುಪು

ಅಮ್ಮನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಮೇಡಂ. 😊

ಕೇಬಲ್_ಅಣ್ಣ_ದಾವಣಗೆರೆ

ನಾನು 15 ವರ್ಷ ಕೇಬಲ್ ನಡೆಸಿದವನು. ದುಡ್ಡಿನ ಕಡೆಯಿಂದ ಹೇಳ್ತೀನಿ ಕೇಳಿ.

ಜಾಹೀರಾತಿಲ್ಲದ ಚಾನೆಲ್ ಹೊಟ್ಟೆಗೆ ಏನು ತಿನ್ನುತ್ತೆ? ಕೇಬಲ್ ಕಂಪನಿ ಮನೆ ಮನೆ ಲೆಕ್ಕದಲ್ಲಿ ಅದಕ್ಕೆ ತಿಂಗಳಿಗೆ ಇಷ್ಟು ಅಂತ ಕೊಡುತ್ತೆ. ನೀವು ನೋಡಿ ಬಿಡಿ, ನಿಮ್ಮ ಬಿಲ್ಲಿನಲ್ಲಿ ಅದರ ಪಾಲು ಹೋಗಿರುತ್ತೆ. ನೂರು ಮನೆ ದುಡ್ಡು ಕಟ್ಟುತ್ತೆ, ಐದು ಮನೆ ನೋಡುತ್ತೆ. ಆ ಐದು ಮನೆಯವರ ಖುಷಿಗೆ ಉಳಿದ ತೊಂಬತ್ತೈದು ಮನೆಯವರು ಗೊತ್ತಿಲ್ಲದೆ ಚಂದಾ ಎತ್ತಿದ ಹಾಗೆ. ಟಿಆರ್‌ಪಿ ಹಿಂದೆ ಓಡುವ ಗೋಜಿಲ್ಲ. ಅದಕ್ಕೇ ಮೂಕಿ ಸಿನಿಮಾ ಹಾಕುವ ಧೈರ್ಯ ಇತ್ತು.

ನಮ್ಮಲ್ಲೂ ಹಾಗೇ ಇತ್ತು. 2019ರ ಫೆಬ್ರುವರಿಯಲ್ಲಿ ಟ್ರಾಯ್ ಹೊಸ ದರ ಪದ್ಧತಿ ಬಂತಲ್ಲ, ಪ್ರತಿ ಚಾನೆಲ್ಲಿಗೂ ಬೆಲೆ ಹಾಕಿ ಜನರೇ ಆರಿಸಿಕೊಳ್ಳಲಿ ಅಂತ. ನಾನು ಮನೆ ಮನೆಗೆ ಫಾರಂ ಹಿಡಿದುಕೊಂಡು ಹೋದವನು. "ಕನ್ನಡದ್ದು ಹಾಕು, ಒಂದು ಸ್ಪೋರ್ಟ್ಸ್ ಹಾಕು, ಮಿಕ್ಕಿದ್ದೆಲ್ಲ ತೆಗಿ." ಇಂಗ್ಲಿಷ್ ಸಿನಿಮಾ ಚಾನೆಲ್ ಕೇಳಿದವರು ನನ್ನ ಏರಿಯಾದಲ್ಲಿ ಇಬ್ಬರೋ ಮೂವರೋ. ಜನರ ತಪ್ಪಲ್ಲ. ದುಡ್ಡು ಅವರದು. ಆದರೆ ಐದು ಮನೆಗಾಗಿ ಬದುಕುವ ಚಾನೆಲ್ ಆವತ್ತಿಗೆ ಮುಗೀತು.

ಅಮೆರಿಕದಲ್ಲಿ ಜನ ಕೇಬಲನ್ನೇ ಕಿತ್ತು ಹಾಕುತ್ತಿದ್ದಾರೆ. ಮಾಲೀಕ ಯಾರಾದರೂ ಆಗಲಿ, ಬಾವಿ ನೀರು ಕೆಳಗೆ ಹೋಗ್ತಿದೆ ಸ್ವಾಮಿ.

ಶಿವಮೊಗ್ಗ_ಟು_ಅಟ್ಲಾಂಟಾ

ನೂರಕ್ಕೆ ನೂರು ಸತ್ಯ ಅಣ್ಣಾ. ನಮ್ಮ ಕೇಬಲ್ ಕಂಪನಿಯವರು ಒಂದು ದಿನ ಇದ್ದಕ್ಕಿದ್ದಂತೆ ಟಿಸಿಎಂ ತೆಗೆದು ಸ್ಪೋರ್ಟ್ಸ್ ಪ್ಯಾಕಿಗೆ ಹಾಕಿದರು. ಹಳೇ ಕಾಲದ ನಟಿ ಗ್ರೇಟಾ ಗಾರ್ಬೋ ನೋಡಬೇಕಾದರೆ ಗಾಲ್ಫಿಗೂ ದುಡ್ಡು ಕಟ್ಟಬೇಕು. ಫೋನ್ ಮಾಡಿ ಕೇಳಿದರೆ, ಆ ಹುಡುಗಿ ಬಹಳ ವಿನಯದಿಂದ "ನಿಮಗೆ ಯಾವ ಆಟ ಇಷ್ಟ ಸರ್?" ಅಂದಳು.

ಷೇರುಪೇಟೆ_ಸುಬ್ಬು

ಸ್ವಲ್ಪ ತಣ್ಣಗೆ ಯೋಚಿಸೋಣ.

ಡಿಸ್ಕವರಿ ಮತ್ತು ವಾರ್ನರ್ ಒಂದಾದಾಗ ತಲೆ ಮೇಲೆ 5,000 ಕೋಟಿ ಡಾಲರಿಗೂ ಜಾಸ್ತಿ ಸಾಲ ಇತ್ತು. ಸಾಲ ಇದ್ದ ಮನೆಯಲ್ಲಿ ಏನು ಮಾಡುತ್ತಾರೆ, ಮೂಲೆ ಮೂಲೆ ಹುಡುಕುತ್ತಾರೆ. ಹೆಚ್ಚೂಕಮ್ಮಿ ಮುಗಿದಿದ್ದ 'ಬ್ಯಾಟ್‌ಗರ್ಲ್' ಸಿನಿಮಾವನ್ನೇ 2022ರಲ್ಲಿ ಬಿಡುಗಡೆ ಮಾಡದೆ ಮೂಲೆಗೆ ಹಾಕಿದವರು ಇವರು. ಟಿಸಿಎಂ ದೊಡ್ಡ ಖರ್ಚಿನ ಬಾಬತ್ತಲ್ಲ. ಸಿನಿಮಾ ಹೆಚ್ಚಿನವು ಸ್ವಂತದ್ದೇ. ಮುಚ್ಚಿದರೆ ಉಳಿಯುವುದು ಅಷ್ಟಕ್ಕಷ್ಟೆ. ಹಾಗಾಗಿ ಮುಚ್ಚುತ್ತಾರೆ ಅಂತ ನನಗೆ ಅನಿಸುವುದಿಲ್ಲ.

ಇನ್ನೊಂದು. ಚಾನೆಲ್ ಹೋದರೂ ಸಿನಿಮಾ ಎಲ್ಲಿಗೂ ಹೋಗಲ್ಲ. ಹಕ್ಕು ಇರುವವರಿಗೆ ಅದು ಆಸ್ತಿ. ಆಸ್ತಿಯನ್ನು ಯಾರೂ ಬೀದಿಗೆ ಎಸೆಯಲ್ಲ.

ಎಡಿಟಿಂಗ್_ಟೇಬಲ್

ಸುಬ್ಬು ಸರ್, ಕೊನೆಯ ಸಾಲು ಒಪ್ಪಲ್ಲ. ಎಸೆಯಲ್ಲ, ಸರಿ. ಬೀರುವಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈ ಮರೆಯುತ್ತಾರೆ.

2016ರ ನವೆಂಬರಿನಲ್ಲಿ ಟಿಸಿಎಂ ಮತ್ತು ಹಳೇ ಸಿನಿಮಾಗಳ ಡಿಸ್ಕ್ ತರುವ ಕ್ರೈಟೀರಿಯನ್ ಕಂಪನಿ ಸೇರಿ ಫಿಲ್ಮ್‌ಸ್ಟ್ರಕ್ ಅಂತ ಒಂದು ಓಟಿಟಿ ಶುರು ಮಾಡಿದರು. ಮೆಜೆಸ್ಟಿಕ್ ಮಗ ಹೇಳಿದ ಹಾಗೆ "ಬೇಕಾದಾಗ ಬೇಕಾದ್ದು". ಅದ್ಭುತವಾಗಿತ್ತು. 2018ರ ಜೂನಿನಲ್ಲಿ ಎಟಿ ಅಂಡ್ ಟಿ ಕೈಗೆ ಕಂಪನಿ ಬಂತು. ನವೆಂಬರ್ 29ಕ್ಕೆ ಫಿಲ್ಮ್‌ಸ್ಟ್ರಕ್ ಬಂದ್. ಐದೇ ತಿಂಗಳು. ಎಲ್ಲ ಕಡೆ ಗಲಾಟೆ ಆಯಿತು. ಕ್ರೈಟೀರಿಯನ್‌ನವರು 2019ರ ಏಪ್ರಿಲಿನಲ್ಲಿ ತಮ್ಮದೇ ಬೇರೆ ಚಾನೆಲ್ ಮಾಡಿಕೊಂಡು ಬದುಕಿದರು. ಯಾಕೆ ಬದುಕಿದರು ಅಂದರೆ ಅವರು ಯಾರ ಹಿತ್ತಲಿನ ಒರಳುಕಲ್ಲೂ ಆಗಿರಲಿಲ್ಲ.

ಎರಡನೆಯದು, ಮುಚ್ಚುವುದೊಂದೇ ಸಾವಲ್ಲ. ಎಎಂಸಿ ನೆನಪಿದೆಯಾ? ಅಮೆರಿಕನ್ ಮೂವಿ ಕ್ಲಾಸಿಕ್ಸ್. 1984ರಲ್ಲಿ, ಟಿಸಿಎಂಗಿಂತ ಹತ್ತು ವರ್ಷ ಮೊದಲೇ, ಜಾಹೀರಾತಿಲ್ಲದೆ ಹಳೇ ಸಿನಿಮಾ ಹಾಕುತ್ತಿದ್ದವರು. ಮೆಲ್ಲಗೆ ಜಾಹೀರಾತು ಬಂತು. 2002ರ ಹೊತ್ತಿಗೆ ಹಳೇ ಸಿನಿಮಾ ಹಿಂದೆ ಸರಿದು ಹೊಸ ಸಿನಿಮಾ ಬಂತು. ಆಮೇಲೆ ಅವರದೇ ಧಾರಾವಾಹಿ. 'ಮ್ಯಾಡ್ ಮೆನ್', 'ಬ್ರೇಕಿಂಗ್ ಬ್ಯಾಡ್' ಅಲ್ಲೇ ಬಂದದ್ದು. ಒಳ್ಳೇ ಧಾರಾವಾಹಿಗಳೇ, ನಾನೂ ನೋಡಿದ್ದೇನೆ. ಆದರೆ ಆ ಅಕ್ಷರಗಳ ಅರ್ಥ ಏನು ಅಂತ ಇವತ್ತು ಯಾರಿಗೂ ನೆನಪಿಲ್ಲ. ಬೋರ್ಡು ಅದೇ, ಹೋಟೆಲು ಬೇರೆ.

ಮೆಜೆಸ್ಟಿಕ್_ಮಗ

ಇದು ಒಳ್ಳೇ ಪಾಯಿಂಟು. ಆದರೂ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಆರಿಸುವ ಕೆಲಸ ನಾನೇ ಮಾಡಿಕೊಂಡರೆ ಏನು ತೊಂದರೆ?

ಎಡಿಟಿಂಗ್_ಟೇಬಲ್

ನಿನ್ನೆ ರಾತ್ರಿ ಏನು ನೋಡಿದಿರಿ? ಪ್ರಾಮಾಣಿಕವಾಗಿ ಹೇಳಿ.

ಮೆಜೆಸ್ಟಿಕ್_ಮಗ

...40 ನಿಮಿಷ ಹುಡುಕಿ, ಏನೂ ಸಿಗದೆ, ಹೋದ ವಾರ ನೋಡಿದ್ದನ್ನೇ ಹಾಕಿಕೊಂಡು ಮಲಗಿದೆ.

ಎಡಿಟಿಂಗ್_ಟೇಬಲ್

ಅಷ್ಟೇ ಸರ್ ನನ್ನ ವಾದ. 😄

ನೋಡಿ, ಟಿಸಿಎಂನ ನಿಜವಾದ ಆಸ್ತಿ ಸಿನಿಮಾ ಅಲ್ಲ, ಸಿನಿಮಾ ಜೋಡಿಸುವವರು. ಒಂದು ತಿಂಗಳು ಒಬ್ಬ ನಟಿ, ಅವಳ ಹೆಸರುವಾಸಿಯಾದದ್ದರ ಜೊತೆ ಯಾರೂ ಕೇಳದ್ದೂ. ಆಗಸ್ಟಿನಲ್ಲಿ ದಿನಕ್ಕೊಬ್ಬ ತಾರೆ. ವಾರಾಂತ್ಯದಲ್ಲಿ ಎಡ್ಡಿ ಮುಲ್ಲರ್ ಕೂತು ಹಳೇ ಅಪರಾಧದ ಸಿನಿಮಾಗಳ ಬಗ್ಗೆ ಮಾತಾಡುವುದು. ಮೂಕಿ ಸಿನಿಮಾಗಳಿಗೆ ಹೊಸ ಸಂಗೀತ ಬರೆಯಿರಿ ಅಂತ ಯುವ ಸಂಗೀತಗಾರರಿಗೆ ಸ್ಪರ್ಧೆಯನ್ನೇ ಇಟ್ಟಿದ್ದರು. ಬೇರೆ ಸ್ಟುಡಿಯೋದ ಸಿನಿಮಾ ಬೇಕು ಅಂದರೆ ಬಾಡಿಗೆಗೆ ತಂದು ಹಾಕುತ್ತಾರೆ. ಈ ಆರಿಸುವ ಬುದ್ಧಿಗೆ ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲ. ಸಂಬಳದ ಕಾಲಮ್ಮಿನಲ್ಲಿ ಮಾತ್ರ ಕಾಣುತ್ತೆ, ಅದೂ ಖರ್ಚಾಗಿ.

2023ರ ಜೂನಿನಲ್ಲಿ ಆದದ್ದು ಅದೇ. ಚಾನೆಲ್ಲಿನ ಮುಖ್ಯಸ್ಥೆ ಪೋಲಾ ಚಾಂಗ್ನನ್, ಸಿನಿಮಾ ಜೋಡಿಸುತ್ತಿದ್ದ ಚಾರ್ಲಿ ಟಬೇಶ್, ಚಿತ್ರೋತ್ಸವ ನಡೆಸುತ್ತಿದ್ದವರು, ಎಲ್ಲರನ್ನೂ ಒಂದೇ ಏಟಿಗೆ ಮನೆಗೆ ಕಳಿಸಿದರು. ಚಾನೆಲ್ ಮಾತ್ರ ಓಡುತ್ತಿತ್ತು. ಅಡಿಗೆಯವರನ್ನು ಕಳಿಸಿ ಪಾತ್ರೆ ಇಟ್ಟುಕೊಂಡ ಹಾಗೆ.

ಆಗ ಸ್ಪೀಲ್‌ಬರ್ಗ್, ಸ್ಕಾರ್ಸೆಸಿ, ಪಾಲ್ ಥಾಮಸ್ ಆಂಡರ್ಸನ್ ಮೂವರು ನಿರ್ದೇಶಕರೂ ಕಂಪನಿಯ ಮುಖ್ಯಸ್ಥ ಡೇವಿಡ್ ಜಾಸ್ಲವ್ ಜೊತೆ ಮಾತಿಗೆ ಕೂತರು. ಕೆಲವೇ ದಿನದಲ್ಲಿ ಟಬೇಶ್ ವಾಪಸ್. ಚಾನೆಲ್ ಮೇಲ್ವಿಚಾರಣೆ ವಾರ್ನರ್ ಸಿನಿಮಾ ವಿಭಾಗದ ಮೈಕಲ್ ಡಿ ಲೂಕಾ ಮತ್ತು ಪ್ಯಾಮ್ ಅಬ್ಡಿ ಕೈಗೆ ಹೋಯಿತು.

ಷೇರುಪೇಟೆ_ಸುಬ್ಬು

ಅಂದರೆ ದೊಡ್ಡವರು ಹೇಳಿದರೆ ಉಳಿಯುತ್ತೆ. ಇದು ವ್ಯವಸ್ಥೆ ಅಲ್ಲ, ಶಿಫಾರಸು.

ಎಡಿಟಿಂಗ್_ಟೇಬಲ್

ಅದಂತೂ ಒಪ್ಪಿದೆ. ಊರಿನ ಕೆರೆ ಉಳಿಸಲು ಪ್ರತಿ ಸಲ ಮಂತ್ರಿ ಮನೆಗೆ ಹೋಗುವ ಹಾಗೆ.

ಶಾಂತಲಾ_ಬಸವನಗುಡಿ

ಸ್ಕಾರ್ಸೆಸಿ ಹೆಸರು ಬಂತಲ್ಲ, ಒಂದು ಮಾತು. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದ್ದು. ಅದನ್ನು ಸ್ವಚ್ಛ ಮಾಡಿ ಉಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಮಾಡಿಸಿದವರು ಇದೇ ಸ್ಕಾರ್ಸೆಸಿಯವರ ಸಂಸ್ಥೆ ಮತ್ತು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್. ನಮ್ಮ ಮಲೆನಾಡಿನ ಅಗ್ರಹಾರದ ಕಥೆ ಉಳಿಸಲು ಅಮೆರಿಕದಿಂದ ಕೈ ಬರಬೇಕಾಯಿತು. ಖುಷಿಯೂ ಆಯಿತು, ಒಂಥರಾ ಆಯಿತು.

ಕನ್ನಡದ ಮೊದಲ ಮಾತಿನ ಸಿನಿಮಾ 'ಸತಿ ಸುಲೋಚನ', 1934. ಇವತ್ತು ಅದರ ಒಂದು ಪ್ರಿಂಟೂ ಇಲ್ಲ. ಸುಬ್ಬು ಅವರೇ, ಆಸ್ತಿ ಎಸೆಯಲ್ಲ ಅಂದಿರಲ್ಲ, ಇದು ಎಲ್ಲಿಗೆ ಹೋಯಿತು ಹೇಳಿ?

ಷೇರುಪೇಟೆ_ಸುಬ್ಬು

ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಆಸ್ತಿ ಅಂತ ಯಾರಿಗೂ ಆಗ ಅನಿಸಿರಲಿಲ್ಲ, ಅಷ್ಟೇ.

ಹುಬ್ಬಳ್ಳಿ_ಗಿರ್ಮಿಟ್

ನಮ್ಮ ಚಾನೆಲ್ಲುಗಳದ್ದೂ ಇದೇ ಹಾಡು ಅಲ್ವಾ? 2000ದಲ್ಲಿ ಈಟಿವಿ ಕನ್ನಡ ಬಂತು. 2015ರಲ್ಲಿ ಕಲರ್ಸ್ ಕನ್ನಡ ಆಯಿತು. 2024ರಲ್ಲಿ ಸ್ಟಾರ್‌ನವರೂ ಇವರೂ ಒಂದಾದರು. ಈಗ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಒಂದೇ ಮನೆಯ ಮಕ್ಕಳು. ನಮ್ಮವ್ವನಿಗೆ ಇವತ್ತಿಗೂ ಅದು "ಈಟಿವಿ"ನೇ. ಯಾರು ಕೊಂಡರು, ಯಾರು ಮಾರಿದರು, ಅವಳಿಗೆ ಯಾಕೆ? ಅವಳ ದೂರು ಒಂದೇ: "ಮಧ್ಯಾಹ್ನದ ಹಳೇ ಸಿನಿಮಾ ಎಲ್ಲಿ ಹೋತು?"

ಕೇಬಲ್_ಅಣ್ಣ_ದಾವಣಗೆರೆ

ಹಳೇ ಕನ್ನಡ ಸಿನಿಮಾ ಹಾಕಿದರೂ ಹೇಗೆ ಹಾಕ್ತಾರೆ ಹೇಳಿ. ಹಾಡು ಅರ್ಧಕ್ಕೆ ಕಟ್. ಕ್ಲೈಮ್ಯಾಕ್ಸಿಗೆ ಮುಂಚೆ ಸೋಪು, ಗುಟ್ಕಾ, ಚಿನ್ನದ ಸಾಲ. ಯಾರು ಡೈರೆಕ್ಟರ್, ಯಾವ ವರ್ಷ ಅಂತ ಒಂದು ಸಾಲು ಬರಲ್ಲ. ಕನ್ನಡದಲ್ಲಿ ಒಬ್ಬರು ಕೂತು ಎರಡು ನಿಮಿಷ ಮಾತಾಡಿ ಸಿನಿಮಾ ಹಾಕಿದರೆ ನಾನೇ ಮೊದಲ ಚಂದಾದಾರ.

ಶಿವಮೊಗ್ಗ_ಟು_ಅಟ್ಲಾಂಟಾ

ಅಣ್ಣಾ, ನಾನು ಎರಡನೆಯವನು. ಇದಕ್ಕೆ ಬೇರೆ ಚರ್ಚೆ ಶುರು ಮಾಡೋಣ, ಇಲ್ಲಿ ದಾರಿ ತಪ್ಪುತ್ತೆ.

ವಿಷಯಕ್ಕೆ ಬಂದರೆ, ನನ್ನ ತಲೆನೋವು ಇದು. 2025ರ ಜೂನಿನಲ್ಲಿ ವಾರ್ನರ್ ಕಂಪನಿಯನ್ನು ಎರಡು ಭಾಗ ಮಾಡುತ್ತೇವೆ ಅಂದಿದ್ದರು. ಸ್ಟುಡಿಯೋ, ಸ್ಟ್ರೀಮಿಂಗ್ ಒಂದು ಕಡೆ. ಕೇಬಲ್ ಚಾನೆಲ್ಲುಗಳು ಇನ್ನೊಂದು ಕಡೆ. ನೆಟ್‌ಫ್ಲಿಕ್ಸ್‌ಗೆ ಬೇಕಿದ್ದದ್ದು ಮೊದಲನೆಯ ಭಾಗ ಮಾತ್ರ. ಟಿಸಿಎಂ ಬೋರ್ಡು ಕೇಬಲ್ ಚಾನೆಲ್ಲಿನದು, ಉಸಿರು ಸಿನಿಮಾ ಭಂಡಾರದ್ದು. ಅಣ್ಣತಮ್ಮಂದಿರು ಮನೆ ಪಾಲು ಮಾಡುವಾಗ ಗೋಡೆ ಸರಿಯಾಗಿ ದೇವರ ಕೋಣೆ ಮಧ್ಯದಲ್ಲೇ ಬರುತ್ತಲ್ಲ, ಹಾಗೆ. ಬಾವಿ ಅವರದಾಗಿ ಹಗ್ಗ ನಮ್ಮದಾದರೆ ಪ್ರತಿ ಕೊಡಕ್ಕೂ ಬಾಡಿಗೆ ಕೊಡಬೇಕು. ಪ್ಯಾರಾಮೌಂಟ್ ಇಡಿಯಾಗಿ ಕೊಂಡರೆ ಈ ಗೋಡೆ ತಪ್ಪುತ್ತೆ ಅನ್ನುವವರಿದ್ದಾರೆ. ಆದರೆ 2025ರ ಡಿಸೆಂಬರಿನಲ್ಲಿ ಅವರು ಹೇಳಿದ ಬೆಲೆ ಸಾಲ ಸೇರಿ 10,840 ಕೋಟಿ ಡಾಲರ್. ಅಷ್ಟು ಕೊಟ್ಟವರು ಮಾರನೇ ದಿನ ಮೂಲೆ ಹುಡುಕದೆ ಇರುತ್ತಾರಾ? ಸುಬ್ಬು ಅವರ ಮಾತೇ ತಿರುಗಿ ಬಂತು.

ಷೇರುಪೇಟೆ_ಸುಬ್ಬು

ಹುಡುಕುತ್ತಾರೆ. ನನ್ನ ಅಂದಾಜು ಹೇಳಲಾ? ಹತ್ತು ವರ್ಷದಲ್ಲಿ ಚಾನೆಲ್ ಅನ್ನುವುದು ಇರಲ್ಲ. ದೊಡ್ಡ ಆ್ಯಪಿನೊಳಗೆ ಟಿಸಿಎಂ ಅಂತ ಒಂದು ಚೌಕ ಇರುತ್ತೆ. ಅದರಲ್ಲಿ ಒಂದಷ್ಟು ಹೆಸರಾಂತ ಸಿನಿಮಾ. ಅದನ್ನೇ ಉಳಿಸಿದ್ದೇವೆ ಅನ್ನುತ್ತಾರೆ.

ಕಪ್ಪುಬಿಳುಪು

ಆ ಚೌಕದೊಳಗೆ ಭಾನುವಾರ ನಡುರಾತ್ರಿ ಇರಲ್ಲ.

ಮೆಜೆಸ್ಟಿಕ್_ಮಗ

ಸರ್, ಒಂದು ಪ್ರಶ್ನೆ. ಬಸ್ಟರ್ ಕೀಟನ್ ಅಂದಿರಲ್ಲ, ಯಾವುದರಿಂದ ಶುರು ಮಾಡಲಿ? ಹುಡುಕಿದರೆ ನೂರೆಂಟು ಬರ್ತಿದೆ.

ಎಡಿಟಿಂಗ್_ಟೇಬಲ್

'ಷರ್ಲಾಕ್ ಜೂನಿಯರ್', 1924. ಮುಕ್ಕಾಲು ಗಂಟೆ ಅಷ್ಟೇ. ಸಿನಿಮಾ ತೋರಿಸುವ ಆಪರೇಟರ್ ನಿದ್ದೆಯಲ್ಲಿ ಪರದೆಯೊಳಗೆ ನಡೆದು ಹೋಗುತ್ತಾನೆ. ಫೋನಿನಲ್ಲಿ ಬೇಡ, ದೊಡ್ಡ ಟಿವಿಯಲ್ಲಿ ನೋಡಿ. ನೋಡಿ ಬಂದು ಇಲ್ಲೇ ಬರೆಯಬೇಕು.

ಶಿವಮೊಗ್ಗ_ಟು_ಅಟ್ಲಾಂಟಾ

ಇವತ್ತು ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿದಾಗ ಈ ಎಲ್ಲ ಕಥೆ ಹೇಳಿದೆ. ನೆಟ್‌ಫ್ಲಿಕ್ಸು, ಪ್ಯಾರಾಮೌಂಟು, ಕೋಟಿ ಡಾಲರು. 84 ವರ್ಷ ಈಗ. ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ, "ಆ ನಗದೇ ಇರೋ ಹುಡುಗ ಇನ್ನೂ ಬರ್ತಾನೇನೋ?" ಅಂದರು.

ಬರ್ತಾನೆ ಅಂದೆ. ಈ ಭಾನುವಾರದ ಪಟ್ಟಿ ಇನ್ನೂ ನೋಡಿಲ್ಲ.